ಗ್ಯಾಸಿನ ಗುಳಿಗೆ, ಗಜಕರ್ಣದ ಕ್ಯಾಪ್ಸೂಲು: ರಾಯಚೂರಿನ ಒಂದು ಪ್ರಕರಣ

ರೋಗಿ 54 ವರ್ಷದ ಮಹಿಳೆ, ರಾಯಚೂರಿನವರು. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವುದು ಅವರ ಕೆಲಸ. ಬೆಳಗಿನ ಜಾವ ಒಲೆ ಹೊತ್ತಿಸಿದರೆ ಹನ್ನೊಂದರ ತನಕ ಅದರ ಮುಂದಿಂದ ಏಳುವುದಿಲ್ಲ. ಸೊಂಟದ ಸುತ್ತ, ಲಂಗದ ಲಾಡಿ ಬಿಗಿಯುವ ಜಾಗದಲ್ಲಿ, ಗಜಕರ್ಣ ಹಬ್ಬಿತ್ತು. ತೊಡೆಸಂದಿಗೂ ಎದೆಯ ಕೆಳಗೂ ಇಳಿದಿತ್ತು. ಒಂದು ವರ್ಷಕ್ಕೂ ಜಾಸ್ತಿ ಕಾಲದ ತುರಿಕೆ. ಚರ್ಮದ ವೈದ್ಯರು ಶಿಲೀಂಧ್ರ ತಡೆಯುವ ಇಟ್ರಾಕೊನಜೋಲ್ 100 ಮಿಲಿಗ್ರಾಂ ಕ್ಯಾಪ್ಸೂಲು ಬರೆದಿದ್ದರು. ದಿನಕ್ಕೆ ಎರಡು, ನಾಲ್ಕು ವಾರ. ಅವರು ಒಂದು ದಿನವೂ ತಪ್ಪಿಸದೆ ನುಂಗಿದರು. ನಾಲ್ಕು ವಾರ ಮುಗಿದಾಗ ಗಜಕರ್ಣ ಇದ್ದಲ್ಲೇ ಇತ್ತು.

ನಾನು ಔಷಧಿ ಅಂಗಡಿಯ ಫಾರ್ಮಸಿಸ್ಟ್. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಚೀಟಿಯಲ್ಲಿ ಬರೆದ ಔಷಧಿ ಸರಿ ಇತ್ತು, ಪ್ರಮಾಣ ಸರಿ ಇತ್ತು, ಸ್ಟ್ರಿಪ್ಪು ಅಸಲಿ ಇತ್ತು, ರೋಗಿ ಹೇಳಿದ ಮಾತು ಕೇಳುವವರು. ಹಾಗಿದ್ದೂ ಕೆಲಸ ಆಗಲಿಲ್ಲ. ಏಕೆ ಆಗಲಿಲ್ಲ ಅನ್ನುವುದು ಮೊದಲ ಪ್ರಶ್ನೆ. ಅದಕ್ಕಿಂತ ದೊಡ್ಡದು ಎರಡನೆಯದು. ಆ ಕಾರಣವನ್ನು ಅವಸರದಲ್ಲಿ ಸರಿಪಡಿಸಿದ್ದರೆ ಏನಾಗುತ್ತಿತ್ತು? ಈ ಪ್ರಕರಣ ಬರೆಯಬೇಕು ಅನ್ನಿಸಿದ್ದು ಈ ಎರಡನೇ ಪ್ರಶ್ನೆಗಾಗಿ.

ಮೊದಲು ಆಗಿದ್ದೆಲ್ಲ

ಶುರುವಾಗಿದ್ದು ಬೇಸಿಗೆಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಅದರ ಮೇಲೆ ಒಲೆಯ ಝಳ. ಬೆವರು ಆರುವ ಮಾತೇ ಇಲ್ಲ. ಜೊತೆಗೆ ಸಕ್ಕರೆ ಕಾಯಿಲೆ. ಶಿಲೀಂಧ್ರ ಬೆಳೆಯಲು ಬೇಕಾದ್ದೆಲ್ಲ ಒಂದೇ ಕಡೆ ಸೇರಿತ್ತು.

ಮೊದಲು ಹಚ್ಚಿದ್ದು ಪಕ್ಕದ ಮನೆಯವರು ಕೊಟ್ಟ ಕ್ರೀಮು. ಅದರಲ್ಲಿ ಮೂರು ಔಷಧಿ ಬೆರೆಸಿದ್ದರು. ಒಂದು ಶಿಲೀಂಧ್ರಕ್ಕೆ, ಒಂದು ಬ್ಯಾಕ್ಟೀರಿಯಾಕ್ಕೆ, ಇನ್ನೊಂದು ಕ್ಲೊಬೆಟಾಸೋಲ್ ಎಂಬ ತೀರಾ ಜೋರಾದ ಸ್ಟೆರಾಯ್ಡ್. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ. ಅದಕ್ಕೇ ಈ ಕ್ರೀಮುಗಳನ್ನು ಜನ ನಂಬುವುದು. ಸ್ಟೆರಾಯ್ಡ್ ಚರ್ಮದ ಉರಿ, ಕೆಂಪು, ತುರಿಕೆಯನ್ನು ಅಡಗಿಸುತ್ತದೆ. ಜೊತೆಗೇ ಆ ಜಾಗದಲ್ಲಿ ಶಿಲೀಂಧ್ರದ ಮೇಲೆ ಹೋರಾಡುವ ಶಕ್ತಿಯನ್ನೂ ಅಡಗಿಸುತ್ತದೆ. ಮೇಲೆ ತಣ್ಣಗೆ ಕಾಣುತ್ತದೆ, ಗಜಕರ್ಣ ಅಂಚಿನಿಂದ ಹಬ್ಬುತ್ತಲೇ ಇರುತ್ತದೆ. ಬಿಟ್ಟರೆ ಮತ್ತೆ ಉರಿ, ಮತ್ತೆ ಅದೇ ಟ್ಯೂಬು. ಇಂಥ ಸ್ಟೆರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಆದರೂ ಟ್ಯೂಬು ಮನೆಯಿಂದ ಮನೆಗೆ ಓಡಾಡುತ್ತದೆ. ಅವರ ಸೊಂಟದ ಚರ್ಮ ತೆಳುವಾಗಿ, ಅಲ್ಲಲ್ಲಿ ಬಿಳಿ ಗೆರೆ ಬಿದ್ದಿದ್ದು ಈ ಕ್ರೀಮಿನಿಂದಲೇ.

ಆಮೇಲೆ ಯಾರೋ ಟರ್ಬಿನಾಫಿನ್ 250 ಮಿಲಿಗ್ರಾಂ ಗುಳಿಗೆ ಕೊಡಿಸಿದರು. ಎರಡು ವಾರ ತಗೊಂಡರು, ಏನೂ ಆಗಲಿಲ್ಲ. ಟರ್ಬಿನಾಫಿನ್ ಒಳ್ಳೆಯ ಔಷಧಿ. ಆದರೆ ನಮ್ಮ ದೇಶದಲ್ಲಿ ಈಗ ಹರಡಿರುವ ಶಿಲೀಂಧ್ರ ಹಳೆಯದಲ್ಲ. 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಈ ಜಾತಿಯಲ್ಲಿ ಅನೇಕಕ್ಕೆ ಟರ್ಬಿನಾಫಿನ್ ನಾಟುವುದೇ ಇಲ್ಲ. ಔಷಧಿ ಹೋಗಿ ಹಿಡಿಯಬೇಕಾದ ಕಿಣ್ವವನ್ನೇ ಅದು ಬದಲಿಸಿಕೊಂಡಿದೆ.

ಮೂರನೆಯದು ಫ್ಲುಕೊನಜೋಲ್ 150 ಮಿಲಿಗ್ರಾಂ, ವಾರಕ್ಕೊಂದು. ಇದನ್ನೂ ಸಂಬಂಧಿಕರೇ ಹೇಳಿದ್ದು. ಅದನ್ನು ತಗೊಂಡ ಮಾರನೇ ದಿನ ರೊಟ್ಟಿ ಬಡಿಯುವಾಗ ಮೈ ನಡುಗಿ, ತಣ್ಣನೆ ಬೆವರು ಬಂದು ಗೋಡೆಗೆ ಒರಗಿ ಕೂತರಂತೆ. ಮಗ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕುಡಿಸಿದ ಮೇಲೆ ಸುಧಾರಿಸಿತು. "ಬಿಸಿಲಿಗೆ ತಲಿ ತಿರುಗಿತ್ತು" ಎಂದು ಮನೆಯವರು ಸುಮ್ಮನಾದರು. ಆದರೆ ಅವರು ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತಗೊಳ್ಳುತ್ತಾರೆ. ಗ್ಲಿಮೆಪಿರೈಡನ್ನು ಯಕೃತ್ತು ಒಡೆದು ಹೊರಹಾಕುವ ದಾರಿಯನ್ನು ಫ್ಲುಕೊನಜೋಲ್ ಮುಚ್ಚುತ್ತದೆ. ಗುಳಿಗೆ ರಕ್ತದಲ್ಲಿ ಉಳಿದು ಸಕ್ಕರೆ ತೀರಾ ಕೆಳಗಿಳಿಯಬಹುದು. ಆ ದಿನ ಯಾರೂ ಗ್ಲುಕೋಮೀಟರ್ ಹಚ್ಚಿ ನೋಡಿರಲಿಲ್ಲ. ನೋಡಬೇಕಾಗಿತ್ತು.

ಇಷ್ಟೆಲ್ಲ ಆದ ಮೇಲೆ ಚರ್ಮದ ವೈದ್ಯರ ಹತ್ತಿರ ಹೋದರು. ಅವರು ಚರ್ಮವನ್ನು ಸ್ವಲ್ಪ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಶಿಲೀಂಧ್ರದ ಎಳೆಗಳು ಸ್ಪಷ್ಟವಾಗಿ ಕಂಡವು. ಇದು ಸುಲಭದ, ಕಡಿಮೆ ಖರ್ಚಿನ ಪರೀಕ್ಷೆ. ವಾರಗಟ್ಟಲೆ ಗುಳಿಗೆ ನುಂಗುವ ಮೊದಲು ಇದು ಗಜಕರ್ಣವೇ ಹೌದಾ ಅಂತ ನೋಡಿಕೊಳ್ಳುವುದು ಬಹಳ ಒಳ್ಳೆಯದು. ಸೋರಿಯಾಸಿಸ್, ಇಸುಬು ಕೂಡ ಎಷ್ಟೋ ಸಲ ಹೀಗೇ ಕಾಣುತ್ತವೆ. ಯಕೃತ್ತಿನ ರಕ್ತಪರೀಕ್ಷೆಯೂ ಆಯಿತು, ಸಹಜ ಇತ್ತು. "ಬೇರೆ ಕಾಯಿಲೆ ಇದೆಯಾ?" ಎಂದು ಕೇಳಿದ್ದಕ್ಕೆ "ಶುಗರ್ ಐತಿ" ಎಂದಷ್ಟೇ ಹೇಳಿದ್ದರು. ಬಿಪಿ, ಸಕ್ಕರೆಯ ಚೀಟಿಗಳೆಲ್ಲ ಇನ್ನೊಬ್ಬ ವೈದ್ಯರ ಫೈಲಿನಲ್ಲಿದ್ದವು. ಆ ಫೈಲು ಮನೆಯ ಟ್ರಂಕಿನಲ್ಲಿತ್ತು.

ಸ್ಟೀಲ್ ಡಬ್ಬಿ

ನಾಲ್ಕು ವಾರ ಮುಗಿದ ಮೇಲೆ ಅವರು ನಮ್ಮ ಅಂಗಡಿಗೆ ಬಂದಿದ್ದು ಬೇರೆ ಕಂಪನಿಯ ಕ್ಯಾಪ್ಸೂಲು ಕೇಳಲು. "ಯಪ್ಪಾ, ಇದು ಹತ್ತಲಿಲ್ಲ ನೋಡು. ಇದ್ಕಿಂತ ಜೋರಂದು ಕೊಡು" ಎಂದರು. ಜೋರಾದ್ದು ಕೊಡುವ ಮೊದಲು ಮನೆಯಲ್ಲಿರುವ ಎಲ್ಲ ಗುಳಿಗೆ ತೋರಿಸಿ ಎಂದೆ. ಮಗ ಬೈಕಿನಲ್ಲಿ ಹೋಗಿ ಒಂದು ಸ್ಟೀಲ್ ಡಬ್ಬಿ ತಂದ. ಕೌಂಟರ್ ಮೇಲೆ ಸುರಿದು ಒಂದೊಂದಾಗಿ ಬರೆದುಕೊಂಡೆ.

ಸಕ್ಕರೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿದ ಗುಳಿಗೆ. ಬಿಪಿಗೆ ಆಮ್ಲೊಡಿಪಿನ್ 5. ಕೊಲೆಸ್ಟ್ರಾಲಿಗೆ ರಾತ್ರಿ ಅಟೊರ್ವಾಸ್ಟಾಟಿನ್ 40. ಆಮೇಲೆ ಗ್ಯಾಸಿನ ಕ್ಯಾಪ್ಸೂಲು. ಅದರಲ್ಲಿ ಪ್ಯಾಂಟೊಪ್ರಜೋಲ್ ಮತ್ತು ಡೊಂಪೆರಿಡೋನ್ ಎರಡೂ ಇದ್ದವು.

"ಗ್ಯಾಸಿಂದು ಎಷ್ಟು ದಿನದಿಂದ ತಗೋತೀರಿ ಅಮ್ಮಾರ?"

"ಅದಾ? ಮೂರ್ನಾಕ್ ವರ್ಷ ಆತು. ಮೊಣಕಾಲು ನೋವಿಗೆ ಗುಳಿಗಿ ಕೊಟ್ಟಾಗ ಅದನ್ನೂ ಕೊಟ್ಟಿದ್ರು. ನೋವಿಂದು ಬಿಟ್ಟೆ, ಇದು ರೂಢಿ ಆಗೇತಿ. ಮುಂಜಾನೆದ್ದು ಚಹಾದ ಜೊತಿ ನುಂಗಿಬಿಡ್ತೀನಿ."

"ಮತ್ತ ಗಜಕರ್ಣದ್ದು?"

"ಅದೂ ಅವಾಗ. ಎರಡೂ ಕೂಡೇ. ಇಲ್ಲಾಂದ್ರ ಮರ್ತು ಹೋಕ್ಕೇತಲ್ಲ."

ಎರಡು ಕ್ಯಾಪ್ಸೂಲನ್ನೂ ಒಂದೇ ಸಲಕ್ಕೆ, ಖಾಲಿ ಹೊಟ್ಟೆಯಲ್ಲಿ, ಚಹಾದ ಜೊತೆ, ಆಮ್ಲ ತಡೆಯುವ ಗುಳಿಗೆಯ ಜೊತೆ. ನಾಲ್ಕು ವಾರ ನುಂಗಿದ್ದರಲ್ಲಿ ರಕ್ತಕ್ಕೆ ಸೇರಿದ್ದು ಸ್ವಲ್ಪವೇ ಎಂದು ಅಲ್ಲೇ ಗೊತ್ತಾಯಿತು.

ಇಟ್ರಾಕೊನಜೋಲ್ ನೀರಿನಲ್ಲಿ ಕರಗುವ ವಸ್ತುವೇ ಅಲ್ಲ. ಅದು ಕರಗಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಬೇಕು. ಹೊಟ್ಟೆ ತುಂಬ ಊಟ ಮಾಡಿದಾಗ ಆಮ್ಲ ಚೆನ್ನಾಗಿ ಸುರಿಯುತ್ತದೆ, ಔಷಧಿ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಹಾಗಾಗಿ ಸಾದಾ ಕ್ಯಾಪ್ಸೂಲನ್ನು ಊಟ ಮುಗಿದ ಕೂಡಲೇ ನುಂಗಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಗುಂಪಿನ ಔಷಧಿಗಳ ಕೆಲಸವೇ ಆ ಆಮ್ಲವನ್ನು ನಿಲ್ಲಿಸುವುದು. ಒಮೆಪ್ರಜೋಲ್ ಜೊತೆ ಕೊಟ್ಟು ಅಳೆದು ನೋಡಿದಾಗ ರಕ್ತಕ್ಕೆ ಸೇರುವ ಇಟ್ರಾಕೊನಜೋಲ್ ಸುಮಾರು ಮೂರರಲ್ಲಿ ಎರಡು ಪಾಲು ಕಡಿಮೆಯಾಗಿತ್ತು. ಇಲ್ಲಿ ಅದರ ಮೇಲೆ ಊಟವೂ ಇರಲಿಲ್ಲ.

ಅವರಿಗೆ ರೊಟ್ಟಿಯ ಮಾತಿನಲ್ಲೇ ಹೇಳಿದೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿದರೆ ಹಿಟ್ಟು ಜಿಗುಟು ಬಂದು ರೊಟ್ಟಿ ಏಳುತ್ತದೆ, ತಣ್ಣೀರು ಹಾಕಿದರೆ ಎಷ್ಟು ನಾದಿದರೂ ಹರಿಯುತ್ತದೆ, ಅಲ್ವಾ? ಈ ಕ್ಯಾಪ್ಸೂಲಿಗೆ ಹೊಟ್ಟೆಯ ಹುಳಿಯೇ ಕುದಿನೀರು. ನೀವು ಅದನ್ನು ತಣ್ಣಗೆ ಮಾಡಿ ಹಾಕುತ್ತಿದ್ದೀರಿ. ಅವರಿಗೆ ಕೂಡಲೇ ತಿಳಿಯಿತು. "ಹಂಗಾದ್ರ ನಾಳಿಂದ ಗ್ಯಾಸಿಂದು ಬಿಟ್ಟು, ಉಂಡ ಮ್ಯಾಲೆ ಇದನ್ನ ತಗೋತೀನಿ ಬಿಡು" ಎಂದರು.

ಬೇಡ ಎಂದೆ.

ಅರ್ಧ ಸಲಹೆ ಯಾಕೆ ಅಪಾಯ

ಇದೇ ಈ ಪ್ರಕರಣದ ಮುಖ್ಯ ಜಾಗ. ಅವರು ಹೇಳಿದ್ದು ಸರಿಯಾದ ಮಾತು. ನಮ್ಮ ಕೌಂಟರುಗಳಲ್ಲಿ ದಿನವೂ ಕೊಡುವ ಸಲಹೆಯೂ ಅದೇ. ಆದರೆ ನಾಲ್ಕು ವಾರ ಅವರಿಗೆ ಯಾವ ತೊಂದರೆಯೂ ಆಗದಿದ್ದುದಕ್ಕೆ ಒಂದು ಕಾರಣ ಔಷಧಿ ಮೈಗೆ ಸೇರದಿದ್ದುದು. ನಾಳೆಯಿಂದ ಸೇರಲು ಶುರುವಾದರೆ, ಡಬ್ಬಿಯಲ್ಲಿರುವ ಉಳಿದ ಗುಳಿಗೆಗಳ ಲೆಕ್ಕವೇ ಬದಲಾಗುತ್ತದೆ.

ಯಕೃತ್ತಿನಲ್ಲಿ ಸಿಪ್3ಎ4 ಎಂಬ ಕಿಣ್ವ ಇದೆ. ನಾವು ನುಂಗುವ ಬಹಳಷ್ಟು ಔಷಧಿಗಳನ್ನು ಒಡೆದು ಹೊರಹಾಕುವುದು ಇದೇ. ಇಟ್ರಾಕೊನಜೋಲ್ ಇದನ್ನು ಜೋರಾಗಿ ತಡೆಯುತ್ತದೆ. ಆಗ ಈ ದಾರಿಯಲ್ಲಿ ಹೋಗಬೇಕಾದ ಬೇರೆ ಔಷಧಿಗಳು ರಕ್ತದಲ್ಲಿ ಶೇಖರವಾಗುತ್ತವೆ. ಗುಳಿಗೆ ಒಂದೇ, ಆದರೆ ಮೈಗೆ ಎರಡು ಮೂರು ನುಂಗಿದಷ್ಟು.

ಅಟೊರ್ವಾಸ್ಟಾಟಿನ್ ಈ ದಾರಿಯದು. ಪ್ರಮಾಣ ಏರಿದರೆ ಮಾಂಸಖಂಡ ನೋಯುತ್ತದೆ, ಸೋಲುತ್ತದೆ. ತೀವ್ರವಾದರೆ ಮಾಂಸಖಂಡ ಕರಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಸಿಮ್ವಾಸ್ಟಾಟಿನ್, ಲೊವಾಸ್ಟಾಟಿನ್ ಆಗಿದ್ದರಂತೂ ಇಟ್ರಾಕೊನಜೋಲ್ ಜೊತೆ ಕೊಡಲೇಬಾರದು. ದಿನವಿಡೀ ರೊಟ್ಟಿ ಬಡಿಯುವ ಹೆಂಗಸಿಗೆ ತೋಳು, ಭುಜ ನೋವು ಬಂದರೆ ಯಾರು ಔಷಧಿಯನ್ನು ಅನುಮಾನಿಸುತ್ತಾರೆ? ಕೆಲಸದ ನೋವು ಎಂದೇ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

ಆಮ್ಲೊಡಿಪಿನ್ ಕೂಡ ಇದೇ ದಾರಿಯದು. ಜಾಸ್ತಿಯಾದರೆ ಪಾದ ಊದುತ್ತದೆ, ಬಿಪಿ ಇಳಿದು ತಲೆ ತಿರುಗುತ್ತದೆ. ಇಟ್ರಾಕೊನಜೋಲಿಗೇ ಹೃದಯದ ಬಡಿತದ ಬಲವನ್ನು ತಗ್ಗಿಸುವ ಗುಣ ಇದೆ. ಹೃದಯ ಸೋತು ನೀರು ತುಂಬಿಕೊಳ್ಳುವ ಕಾಯಿಲೆ ಇದ್ದವರಿಗೆ ಗಜಕರ್ಣಕ್ಕಾಗಿ, ಉಗುರಿನ ಶಿಲೀಂಧ್ರಕ್ಕಾಗಿ ಇದನ್ನು ಕೊಡಬಾರದು ಎಂಬ ಎಚ್ಚರಿಕೆ ಅದಕ್ಕೇ ಇರುವುದು. ಪಾದ ಊದಿಕೊಂಡರೆ ಅದು ಬಿಪಿ ಗುಳಿಗೆಯದಾ, ಹೃದಯದ್ದಾ ಎಂಬ ಗೊಂದಲ ಬೇರೆ.

ಡೊಂಪೆರಿಡೋನ್ ಮೂರನೆಯದು. ನನ್ನ ಪ್ರಕಾರ ನಮ್ಮ ಊರುಗಳಲ್ಲಿ ಇದರ ಬಗ್ಗೆ ಎಚ್ಚರ ತೀರಾ ಕಡಿಮೆ. ಗ್ಯಾಸಿನ ಗುಳಿಗೆಯಲ್ಲಿ ಎರಡನೇ ಔಷಧಿ ಇದೆ ಎಂಬುದೇ ಹಲವರಿಗೆ ಗೊತ್ತಿಲ್ಲ. ಡೊಂಪೆರಿಡೋನ್ ರಕ್ತದಲ್ಲಿ ಏರಿದರೆ ಹೃದಯದ ಬಡಿತದ ಲಯ ತಪ್ಪಬಹುದು. 2014ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಇದರ ಬಳಕೆಯನ್ನು ಕಡಿತ ಮಾಡಿತು. ಈ ಕಿಣ್ವವನ್ನು ಜೋರಾಗಿ ತಡೆಯುವ ಔಷಧಿಗಳ ಜೊತೆ ಕೊಡಲೇಬಾರದು ಎಂದಿತು. ಅಂದರೆ ಅವರ ಗ್ಯಾಸಿನ ಕ್ಯಾಪ್ಸೂಲಿನ ಒಂದು ಭಾಗ ಇಟ್ರಾಕೊನಜೋಲನ್ನು ಕೆಲಸ ಮಾಡಲು ಬಿಡುತ್ತಿರಲಿಲ್ಲ. ಇನ್ನೊಂದು ಭಾಗ, ಇಟ್ರಾಕೊನಜೋಲ್ ಕೆಲಸ ಮಾಡಿದ್ದರೆ, ಅಪಾಯಕ್ಕೆ ತಿರುಗುತ್ತಿತ್ತು.

ಒಂದು ಮಾತು ಸಮಾಧಾನದ್ದು. ಗ್ಲಿಮೆಪಿರೈಡ್ ಬೇರೆ ಕಿಣ್ವದ ದಾರಿಯಲ್ಲಿ ಹೋಗುತ್ತದೆ. ಫ್ಲುಕೊನಜೋಲ್ ಅದಕ್ಕೆ ಕೊಟ್ಟಂಥ ಕಾಟವನ್ನು ಇಟ್ರಾಕೊನಜೋಲ್ ಕೊಡುವುದಿಲ್ಲ. ಹೆಸರಿನ ಬಾಲ ಒಂದೇ ಆದರೂ ಔಷಧಿಗಳ ನಡತೆ ಒಂದೇ ಅಲ್ಲ. ಆದರೂ ಮೊದಲ ಕೆಲ ವಾರ ಸಕ್ಕರೆ ನೋಡಿಕೊಳ್ಳುವುದು ಒಳ್ಳೆಯದು.

ವೈದ್ಯರಿಬ್ಬರ ತೀರ್ಮಾನ

ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು, ಚರ್ಮದ ವೈದ್ಯರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿ, ಬಿಪಿ ನೋಡುವ ವೈದ್ಯರ ಜೊತೆ ತಾವೇ ಮಾತಾಡಿದರು. ಫಾರ್ಮಸಿಸ್ಟ್ ಫೋನ್ ಮಾಡಿದರೆ ಬೇಸರ ಮಾಡಿಕೊಳ್ಳುವವರೂ ಇರುತ್ತಾರೆ. ಇವರಿಬ್ಬರೂ ಹಾಗಿರಲಿಲ್ಲ. ಅಷ್ಟರಿಂದಲೇ ಈ ಪ್ರಕರಣ ಸರಿದಾರಿಗೆ ಬಂತು.

ಮೊದಲು ಇಸಿಜಿ ಮಾಡಿಸಿದರು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ, ರಾತ್ರಿ ದಿಂಬು ಏರಿಸಿ ಮಲಗಬೇಕಾ, ಕಾಲು ಊದುತ್ತಾ ಎಂದು ಕೇಳಿದರು. ಹೃದಯದ ತೊಂದರೆಯ ಸುಳಿವು ಇರಲಿಲ್ಲ. ಆಮ್ಲೊಡಿಪಿನ್ ನಿಲ್ಲಿಸಿ ಟೆಲ್ಮಿಸಾರ್ಟನ್ ಶುರು ಮಾಡಿದರು. ಅದು ಆ ಕಿಣ್ವದ ದಾರಿಗೆ ಹೋಗುವುದಿಲ್ಲ. ಆದರೆ ಅದಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು, ನೋಡಿದರು. ಅಟೊರ್ವಾಸ್ಟಾಟಿನನ್ನು ಚಿಕಿತ್ಸೆ ಮುಗಿಯುವ ತನಕ ನಿಲ್ಲಿಸಿದರು. ಅವರಿಗೆ ಹಿಂದೆ ಹೃದಯಾಘಾತ ಆಗಿರಲಿಲ್ಲ, ಸ್ಟೆಂಟ್ ಇರಲಿಲ್ಲ. ಹಾಗಾಗಿ ಕೆಲವು ವಾರ ನಿಲ್ಲಿಸಬಹುದಿತ್ತು. ಹೃದಯಾಘಾತ ಆದವರಿಗೆ ಹೀಗೆ ನಿಲ್ಲಿಸುವುದು ಸರಿಯಲ್ಲ. ಅಂಥವರಿಗೆ ಈ ದಾರಿಗೆ ಹೋಗದ ರೊಸುವಾಸ್ಟಾಟಿನ್‌ನಂಥದ್ದಕ್ಕೆ ಬದಲಾಯಿಸುತ್ತಾರೆ. ಈ ಬರಹ ಓದಿ ಯಾರೂ ತಮ್ಮ ಕೊಲೆಸ್ಟ್ರಾಲ್ ಗುಳಿಗೆಯನ್ನು ತಾವೇ ನಿಲ್ಲಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಗ್ಯಾಸಿನ ಕ್ಯಾಪ್ಸೂಲು ಈಗ ಬೇಕಾಗಿಯೇ ಇರಲಿಲ್ಲ. ನೋವಿನ ಗುಳಿಗೆ ನಿಂತಾಗಲೇ ಅದೂ ನಿಲ್ಲಬೇಕಿತ್ತು. ಆದರೆ ವರ್ಷಗಟ್ಟಲೆ ತಗೊಂಡಿದ್ದನ್ನು ಬಿಟ್ಟ ಮೊದಲ ವಾರಗಳಲ್ಲಿ ಹೊಟ್ಟೆ ಮೊದಲಿಗಿಂತ ಜಾಸ್ತಿ ಆಮ್ಲ ಸುರಿಸುತ್ತದೆ. ಎದೆ ಉರಿಯುತ್ತದೆ. ಅದನ್ನು ಮೊದಲೇ ಹೇಳದಿದ್ದರೆ ಜನ ಹೆದರಿ ಮತ್ತೆ ಶುರು ಮಾಡುತ್ತಾರೆ. ವೈದ್ಯರು ಅದನ್ನು ಹೇಳಿಯೇ ನಿಲ್ಲಿಸಿದರು. ಉರಿ ತಡೆಯಲಾಗದಿದ್ದರೆ ಕುಡಿಯಲು ಆ್ಯಂಟಾಸಿಡ್, ಅಂದರೆ ಆಮ್ಲ ತಗ್ಗಿಸುವ ಔಷಧಿ, ಕೊಟ್ಟರು. ಇಟ್ರಾಕೊನಜೋಲ್ ಕ್ಯಾಪ್ಸೂಲಿಗೂ ಅದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಇರಲೇಬೇಕು ಎಂದರು. ಗ್ಯಾಸಿನ ಗುಳಿಗೆ ಬಿಟ್ಟ ಮೇಲೆ ಹೊಟ್ಟೆಯಲ್ಲಿ ಆಮ್ಲ ಮತ್ತೆ ಸುರಿಯಲು ಮೂರರಿಂದ ಐದು ದಿನ ಹಿಡಿಯುತ್ತದೆ. ಒಂದು ವಾರ ಬಿಟ್ಟು ಇಟ್ರಾಕೊನಜೋಲ್ ಮತ್ತೆ ಶುರು.

ನಡುವೆ ಮಗ ಒಂದು ಉಪಾಯ ಕೇಳಿಕೊಂಡು ಬಂದಿದ್ದ. ಕೋಲಾ ಜೊತೆ ನುಂಗಿದರೆ ಈ ಕ್ಯಾಪ್ಸೂಲು ಚೆನ್ನಾಗಿ ಹತ್ತುತ್ತದಂತೆ ಎಂದ. ಮಾತು ಸುಳ್ಳಲ್ಲ. ಆಮ್ಲ ಕಡಿಮೆ ಇರುವವರಿಗೆ ಸಕ್ಕರೆ ಇರುವ ಕೋಲಾ ಜೊತೆ ಕೊಡುವ ಪದ್ಧತಿ ನಿಜವಾಗಿ ಇದೆ. ಆದರೆ ಮೂರು ತಿಂಗಳ ಸಕ್ಕರೆ ಸರಾಸರಿ (ಎಚ್‌ಬಿಎ1ಸಿ) 8.9 ಇರುವ ತಾಯಿಗೆ ದಿನಾ ಕೋಲಾ ಕುಡಿಸುವುದು ಶಿಲೀಂಧ್ರಕ್ಕೇ ಊಟ ಹಾಕಿದಂತೆ. ಬೇಡ ಎಂದೆವು.

ಮನೆಗೆ ಹೊಂದುವ ಸೂಚನೆ

"ಊಟದ ನಂತರ" ಎಂದು ಚೀಟಿಯ ಮೇಲೆ ಬರೆದರೆ ಸಾಲದು. ಅವರು ಯಾವಾಗ ಉಣ್ಣುತ್ತಾರೆ ಎಂದು ಕೇಳಬೇಕು. ಬೆಳಗ್ಗೆ ಚಹಾ, ಹತ್ತಕ್ಕೆ ಒಂದು ಹಿಡಿ ವಗ್ಗರಣಿ ಮಂಡಕ್ಕಿ. ಹೊಟ್ಟೆ ತುಂಬ ಊಟ ಅಂತ ಆಗುವುದು ಮಧ್ಯಾಹ್ನ ಎರಡಕ್ಕೆ ಮತ್ತು ರಾತ್ರಿ ಒಂಬತ್ತಕ್ಕೆ. ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಮೊಸರು, ಅನ್ನ. ಆ ಎರಡು ಊಟ ಮುಗಿದು ಕೈ ತೊಳೆದ ಕೂಡಲೇ ಒಂದೊಂದು ಕ್ಯಾಪ್ಸೂಲು ಎಂದು ಗೊತ್ತು ಮಾಡಿದೆವು. ಸೋಮವಾರ ಅವರದು ಒಪ್ಪತ್ತು, ರಾತ್ರಿ ಮಾತ್ರ ಊಟ. ಆ ದಿನ ಏನು ಮಾಡುವುದು ಎಂದು ಅವರೇ ಕೇಳಿದರು. ವೈದ್ಯರು ಆ ದಿನ ಎರಡನ್ನೂ ರಾತ್ರಿಯ ಊಟದ ಮೇಲೆ ತಗೊಳ್ಳಲು ಹೇಳಿದರು. ಬೇರೆ ದಿನ ಒಂದು ಹೊತ್ತು ಮರೆತರೆ, ಮುಂದಿನ ಹೊತ್ತಿಗೆ ಸೇರಿಸಿ ಎರಡು ನುಂಗಬಾರದು.

ಯಕೃತ್ತಿನ ಎಚ್ಚರಿಕೆ ಹೇಳುವಾಗ ಒಂದು ತೊಡಕು ಬಂತು. ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಬನ್ನಿ ಎಂದು ಎಲ್ಲರೂ ಹೇಳುತ್ತಾರೆ. ರಾಯಚೂರಿನ ಬೇಸಿಗೆಯಲ್ಲಿ ಒಲೆ ಮುಂದೆ ಕೂತವರ ಮೂತ್ರ ಯಾವಾಗಲೂ ಹಳದಿಯೇ. ಹಾಗಾದರೆ ಗುರುತು ಹಿಡಿಯುವುದು ಹೇಗೆ? ನಾನು ಹೇಳಿದ್ದು ಹೀಗೆ. ಚೆನ್ನಾಗಿ ನೀರು ಕುಡಿಯಿರಿ. ನೀರು ಕುಡಿದ ಮೇಲೆ ಬಣ್ಣ ತಿಳಿಯಾದರೆ ಅದು ಬಿಸಿಲಿನದು. ಎಷ್ಟು ಕುಡಿದರೂ ಚಹಾದ ಡಿಕಾಕ್ಷನ್ ಬಣ್ಣವೇ ಇದ್ದರೆ, ಅಥವಾ ಊಟ ಸೇರದೆ ವಾಕರಿಕೆ, ಕಾರಣವಿಲ್ಲದ ಸುಸ್ತು, ಬಲ ಪಕ್ಕೆಯ ಕೆಳಗೆ ನೋವು, ಮಲ ಬಿಳಿಚಿಕೊಳ್ಳುವುದು, ಕಣ್ಣು ಹಳದಿ, ಇವುಗಳಲ್ಲಿ ಯಾವುದೇ ಒಂದು ಕಂಡರೆ ಆ ದಿನದ ಕ್ಯಾಪ್ಸೂಲು ನುಂಗದೆ ವೈದ್ಯರ ಹತ್ತಿರ ಹೋಗಿ. ಕಾಲು ಊದಿದರೆ, ಉಸಿರು ಕಟ್ಟಿದರೆ, ಎದೆ ಡವಗುಟ್ಟಿದರೆ ಕಾಯಲೇಬೇಡಿ.

ಇನ್ನೊಂದು ಮೊಣಕಾಲಿನ ವಿಷಯ. ನೋವು ಜಾಸ್ತಿಯಾದಾಗ ಇಂಜೆಕ್ಷನ್ ಹಾಕಿಸಿಕೊಳ್ಳುವ ಅಭ್ಯಾಸ ಅವರಿಗಿತ್ತು. ಅದರಲ್ಲಿ ಸ್ಟೆರಾಯ್ಡ್ ಇದ್ದರೆ, ಮುಖ್ಯವಾಗಿ ಮೀಥೈಲ್‌ಪ್ರೆಡ್ನಿಸೊಲೋನ್‌ನಂಥದ್ದಾದರೆ, ಇಟ್ರಾಕೊನಜೋಲ್ ಅದನ್ನೂ ಮೈಯಲ್ಲಿ ಹೆಚ್ಚು ಕಾಲ ಉಳಿಸುತ್ತದೆ. ಸಕ್ಕರೆ ಏರುತ್ತದೆ, ಗಜಕರ್ಣ ಮತ್ತೆ ಹೊತ್ತಿಕೊಳ್ಳುತ್ತದೆ. ಯಾವ ದವಾಖಾನೆಗೆ ಹೋದರೂ ಈ ಹಾಳೆ ತೋರಿಸಿ ಎಂದು ಪಟ್ಟಿಯ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿಕೊಟ್ಟೆ. ಓದಲು ಬರದಿದ್ದರೂ ತೋರಿಸಬಹುದಲ್ಲ. ಟಿಬಿಯ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಇದಕ್ಕೆ ವಿರುದ್ಧ. ಇಟ್ರಾಕೊನಜೋಲನ್ನೇ ಬೇಗ ಒಡೆದು ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಈ ಮನೆಯಲ್ಲಿ ಅವು ಇರಲಿಲ್ಲ.

ಎರಡನೇ ವಾರ ಮಗ ಊರ ಹೊರಗಿನ ಅಂಗಡಿಯಿಂದ ಬೇರೆ ಸ್ಟ್ರಿಪ್ಪು ತಂದ. ಅದರ ಮೇಲೆ 50 ಮಿಲಿಗ್ರಾಂ ಎಂದಿತ್ತು, ಹೆಸರಿನ ಜೊತೆ ಸುಬಾ ಎಂದೂ ಇತ್ತು. ಐವತ್ತು ಅಂದರೆ ಅರ್ಧ, ನೂರಕ್ಕೆ ಎರಡು ನುಂಗಿದರೆ ಆಯಿತು ಎಂದು ಲೆಕ್ಕ ಹಾಕಿದ್ದ. ಈ ಬಗೆಯ ಕ್ಯಾಪ್ಸೂಲು ಮೈಗೆ ಸೇರುವ ರೀತಿಯೇ ಬೇರೆ. ಅದರ 50 ಮಿಲಿಗ್ರಾಂ ಸಾದಾ 100ಕ್ಕೆ ಸಮ. ಎರಡೆರಡು ನುಂಗಿದ್ದರೆ ದುಪ್ಪಟ್ಟಾಗುತ್ತಿತ್ತು. ನುಂಗುವ ಮೊದಲು ಫೋಟೋ ಕಳಿಸಿ ಕೇಳಿದ, ಉಳಿಯಿತು. ಒಂದು ಬಗೆಯಿಂದ ಇನ್ನೊಂದಕ್ಕೆ ವೈದ್ಯರು ಹೇಳದೆ ಬದಲಾಯಿಸಬಾರದು. ಮಿಲಿಗ್ರಾಂ ನೋಡಿ ಗುಣಾಕಾರ ಮಾಡುವ ಔಷಧಿ ಇದಲ್ಲ.

ಸೊಸೆ

ಎಲ್ಲಕ್ಕಿಂತ ಹೆಚ್ಚು ಆತಂಕ ಆಗಿದ್ದು ಇಲ್ಲಿ. ಸೊಸೆಗೂ ತೊಡೆಯ ಮೇಲೆ ಎರಡು ಉಂಗುರ ಎದ್ದಿದ್ದವು. ಅತ್ತೆ ಪ್ರೀತಿಯಿಂದಲೇ ತಮ್ಮ ಸ್ಟ್ರಿಪ್ಪಿನಿಂದ ಅವಳಿಗೂ ಕೊಡಬೇಕೆಂದಿದ್ದರು. "ಒಂದಾ ಬ್ಯಾನಿ, ಒಂದಾ ಗುಳಿಗಿ. ಸುಮ್ನೆ ಇನ್ನೊಂದು ಸಲ ಯಾಕ ರೊಕ್ಕ ಕೊಡಬೇಕು?" ಎಂದರು. ಸೊಸೆಗೆ 24 ವರ್ಷ. ಮದುವೆಯಾಗಿ ಒಂದು ವರ್ಷ. ಮಗು ಬೇಕೆಂದು ಕಾಯುತ್ತಿದ್ದರು. ಗರ್ಭಿಣಿಯರಿಗೆ, ಗರ್ಭಿಣಿಯಾಗಲು ಬಯಸುವವರಿಗೆ ಚರ್ಮದ ಶಿಲೀಂಧ್ರಕ್ಕಾಗಿ ಇಟ್ರಾಕೊನಜೋಲ್ ಕೊಡುವಂತಿಲ್ಲ. ತಗೊಳ್ಳುವ ಹೆಂಗಸರು ಚಿಕಿತ್ಸೆ ಮುಗಿದ ಮೇಲೆ ಮುಂದಿನ ಮುಟ್ಟು ಬರುವ ತನಕ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು.

ಇದನ್ನು ಅತ್ತೆಯ ಎದುರಿಗೇ ಹೇಳಬೇಕಾ, ಸೊಸೆಗೆ ಬೇರೆ ಹೇಳಬೇಕಾ ಎಂಬುದು ಯೋಚಿಸುವ ವಿಷಯವೇ. ನಮ್ಮ ಅಂಗಡಿಯ ಸಹಾಯಕಿ ಅವಳನ್ನು ಬದಿಗೆ ಕರೆದು ಮಾತಾಡಿದರು. ಮುಟ್ಟು ಬರಬೇಕಾದ ದಿನ ದಾಟಿ ಹತ್ತು ದಿನ ಮೀರಿತ್ತು. ಯಾರಿಗೂ ಇನ್ನೂ ಹೇಳಿರಲಿಲ್ಲ. ಅವಳು ಒಂದು ಕ್ಯಾಪ್ಸೂಲನ್ನೂ ನುಂಗಿರಲಿಲ್ಲ. ಚರ್ಮದ ವೈದ್ಯರು ಅವಳಿಗೆ ಹಚ್ಚುವ ಕ್ಲೊಟ್ರಿಮಜೋಲ್ ಕ್ರೀಮು ಮಾತ್ರ ಕೊಟ್ಟರು. ಎರಡೇ ಉಂಗುರ ಇದ್ದುದರಿಂದ ಅದೇ ಸಾಕಾಯಿತು.

ಮನೆಯಲ್ಲಿ ಒಬ್ಬರಿಗೆ ವಾಸಿ ಮಾಡಿ ಇನ್ನೊಬ್ಬರನ್ನು ಬಿಟ್ಟರೆ ಗಜಕರ್ಣ ಸುತ್ತಿ ಬರುತ್ತದೆ. ಟವೆಲು ಬೇರೆ ಬೇರೆ, ಒಳಬಟ್ಟೆ ಬಿಸಿನೀರಿನಲ್ಲಿ ತೊಳೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಬೇಕು. ಲಂಗದ ಲಾಡಿಯ ಬದಲು ಅಗಲ ಪಟ್ಟಿಯದು ಹೊಲಿಸಿಕೊಂಡರು. ರೊಟ್ಟಿ ಮುಗಿದ ಕೂಡಲೇ ಸ್ನಾನ, ಪೂರ್ತಿ ಒರೆಸಿಕೊಂಡು ಒಣ ಬಟ್ಟೆ. ಸ್ಟೆರಾಯ್ಡ್ ಟ್ಯೂಬು ಕಸಕ್ಕೆ ಹೋಯಿತು.

ಮುಂದೆ

ಎರಡನೇ ವಾರಕ್ಕೆ ತುರಿಕೆ ನಿಂತಿತು. ಅವರು ಕ್ಯಾಪ್ಸೂಲು ನಿಲ್ಲಿಸಲು ತಯಾರಾದರು. ಇದು ಬಹಳ ಸಾಮಾನ್ಯ. ತುರಿಕೆ ಮೊದಲು ಹೋಗುತ್ತದೆ, ಶಿಲೀಂಧ್ರ ಆಮೇಲೆ. ಈಗಿನ ಗಜಕರ್ಣ, ಅದೂ ಸ್ಟೆರಾಯ್ಡ್ ಹಚ್ಚಿ ಹಳೆಯದಾದದ್ದು, ನಾಲ್ಕು ವಾರಕ್ಕೆ ಮುಗಿಯದಿರಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು. ಅದನ್ನೇ ನೆನಪಿಸಿದೆ.

ನಾಲ್ಕನೇ ವಾರ ಯಕೃತ್ತಿನ ಪರೀಕ್ಷೆ ಮತ್ತೆ ಆಯಿತು, ಸಹಜ. ಕಾಲು ಊತ ಇಲ್ಲ. ಬಿಪಿ 134/82. ಎದೆ ಉರಿ ಮೊದಲ ಎರಡು ವಾರ ಕಾಡಿ ತಾನೇ ಇಳಿದಿತ್ತು. ಉಂಗುರದ ಅಂಚು ಮಟ್ಟಸವಾಗಿತ್ತು. ತೊಡೆಸಂದಿನಲ್ಲಿ ಇನ್ನೂ ಸ್ವಲ್ಪ ಸಿಪ್ಪೆ ಏಳುತ್ತಿತ್ತು. ಹಾಗಾಗಿ ಮುಂದುವರಿಸಿದರು. ಎಂಟನೇ ವಾರಕ್ಕೆ ಚರ್ಮ ಚೊಕ್ಕಟವಾಯಿತು. ಕೆರೆದು ನೋಡಿದಾಗ ಎಳೆಗಳು ಕಾಣಲಿಲ್ಲ. ಕ್ಯಾಪ್ಸೂಲು ನಿಂತಿತು, ಜೊತೆಗೆ ಹಚ್ಚುತ್ತಿದ್ದ ಸ್ಟೆರಾಯ್ಡ್ ಇಲ್ಲದ ಕ್ರೀಮು ಇನ್ನೆರಡು ವಾರ ಮುಂದುವರಿಯಿತು.

ಕ್ಯಾಪ್ಸೂಲು ನಿಂತ ದಿನವೇ ಅಟೊರ್ವಾಸ್ಟಾಟಿನ್ ಶುರು ಮಾಡಲಿಲ್ಲ. ಇಟ್ರಾಕೊನಜೋಲ್ ರಕ್ತದಿಂದ ಪೂರ್ತಿ ಹೋಗಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಚರ್ಮದಲ್ಲಂತೂ ಎರಡರಿಂದ ನಾಲ್ಕು ವಾರ ಉಳಿದು ಕೆಲಸ ಮಾಡುತ್ತಿರುತ್ತದೆ. ಎರಡು ವಾರ ಕಾದು ಕೊಲೆಸ್ಟ್ರಾಲ್ ಗುಳಿಗೆ ಮತ್ತೆ ಶುರುವಾಯಿತು. ಬಿಪಿಗೆ ಟೆಲ್ಮಿಸಾರ್ಟನ್ನನ್ನೇ ಉಳಿಸಿದರು. ಗ್ಯಾಸಿನ ಕ್ಯಾಪ್ಸೂಲಿಗೆ ಅವರು ಮತ್ತೆ ಬಂದಿಲ್ಲ.

ಸೊಂಟದ ಸುತ್ತ ಕಂದು ಕಲೆ ಉಳಿದಿದೆ, ಬಿಳಿ ಗೆರೆಗಳೂ ಇವೆ. ಕಲೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ, ಗೆರೆ ಹೋಗುವುದಿಲ್ಲ. ಅದನ್ನು ಅವರಿಗೆ ಇದ್ದಂತೆಯೇ ಹೇಳಿದೆವು, ಇಲ್ಲದಿದ್ದರೆ ಕಲೆಗೆಂದು ಇನ್ನೊಂದು ಟ್ಯೂಬು ಮನೆ ಸೇರುತ್ತಿತ್ತು. ಸಕ್ಕರೆ ಸರಾಸರಿ ಈಗ 7.6ಕ್ಕೆ ಇಳಿದಿದೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುವಾಗ ಲ್ಯಾಮಿನೇಟ್ ಮಾಡಿದ ಹಾಳೆಯನ್ನು ಸೆರಗಿನ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಗುಳಿಗೆ ಬದಲಾದಾಗಲೆಲ್ಲ ಅದನ್ನು ಅಂಗಡಿಗೆ ತಂದು ಹೊಸದು ಬರೆಸಿಕೊಳ್ಳುತ್ತಾರೆ.